ಮ್ಯಾನ್ ಕೈಪಿಡಿ

ಯುನಿಕ್ಸ್ ಮತ್ತು ಲಿನಕ್ಸ್ ಕಂಪ್ಯೂಟರುಗಳಲ್ಲಿ ವ್ಯವಸ್ಥೆಯ ಜೊತೆಗೇ ಬರುವ, ಟರ್ಮಿನಲ್‌ನಲ್ಲೇ ತೆರೆದು ಓದುವ ಕೈಪಿಡಿ. ‘ಮ್ಯಾನ್’ ಎಂದು ಬರೆದು ಪಕ್ಕದಲ್ಲಿ ಕಮಾಂಡಿನ ಹೆಸರು ಕೊಟ್ಟರೆ ಅದರ ಪುಟ ತೆರೆಯುತ್ತದೆ. ಪುಟಗಳು ಆಯಾ ಯಂತ್ರದ ಡಿಸ್ಕಿನಲ್ಲೇ ಇರುವುದರಿಂದ ಇಂಟರ್ನೆಟ್ ಬೇಕಿಲ್ಲ.

ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ತಾರೀಕಿದೆ. ಪ್ರೋಗ್ರಾಮಿನ ಕುಂದುಗಳನ್ನು ಬರೆದವರೇ ಒಪ್ಪಿಕೊಳ್ಳುವ ‘ಬಗ್ಸ್’ ಎಂಬ ಭಾಗ ಅಲ್ಲೇ ಇತ್ತು; ಇಂದಿನ ಎಷ್ಟೋ ಪುಟಗಳಲ್ಲೂ ಅದು ಉಳಿದಿದೆ.

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈ ಪುಟಗಳ ಪರಿಚಯವಾಗುವುದು ಹೆಚ್ಚಾಗಿ ಕಾಲೇಜಿನ ಲ್ಯಾಬಿನಲ್ಲಿ. ಸುಳ್ಯದ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜು (1986) ಮತ್ತು ಪುತ್ತೂರಿನ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು (2001) ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ಕಂಪ್ಯೂಟರ್ ವಿಜ್ಞಾನ ಪಠ್ಯದಲ್ಲಿ ಯುನಿಕ್ಸ್ ಬಹುಕಾಲ ಪ್ರತ್ಯೇಕ ವಿಷಯವಾಗಿತ್ತು. ಜಾಲ್ಸೂರು ದಾಟಿ ಕಾಸರಗೋಡು ಜಿಲ್ಲೆಗೆ ಕಾಲಿಟ್ಟರೆ ಲಿನಕ್ಸ್ ಇನ್ನೂ ಬೇಗ ಎದುರಾಗುತ್ತದೆ: ಕೇರಳದ ಶಾಲೆಗಳಲ್ಲಿ ಅದೇ ಕಲಿಕೆಯ ವ್ಯವಸ್ಥೆ, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೂ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು ಈ ಘಟ್ಟದ ತಪ್ಪಲಿನಲ್ಲಿ ಮಾಮೂಲು. ಆಗ ಕರೆಂಟು, ನೆಟ್ ಎರಡೂ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಉಳಿದಿರುವಷ್ಟು ಹೊತ್ತು ಮ್ಯಾನ್ ಪುಟ ಕೈಬಿಡುವುದಿಲ್ಲ.

ಕೈಪಿಡಿಗೆ ಮುಖ್ಯವಾಗಿ 8 ವಿಭಾಗಗಳು. 1ರಲ್ಲಿ ದಿನಬಳಕೆಯ ಕಮಾಂಡುಗಳು, 5ರಲ್ಲಿ ಫೈಲುಗಳ ರೂಪ, 8ರಲ್ಲಿ ಸಿಸ್ಟಂ ಆಪರೇಟರನ ಕಮಾಂಡುಗಳು. 2 ಮತ್ತು 3 ಪ್ರೋಗ್ರಾಂ ಬರೆಯುವವರಿಗೆ. ಹೊಸಬರು ಎಡವುವುದು ಈ ವಿಭಾಗದ ಸಂಖ್ಯೆಯಲ್ಲೇ. ಹೊತ್ತಿಗೆ ಸರಿಯಾಗಿ ಕೆಲಸ ನಡೆಸಲು ಇರುವ ಕಮಾಂಡು ‘ಕ್ರಾನ್‌ಟ್ಯಾಬ್’. ದಿನಾ ಸಂಜೆ ಲೆಕ್ಕಪತ್ರದ ಬ್ಯಾಕಪ್ ತಾನಾಗಿ ಆಗಬೇಕೆಂದು ‘ಮ್ಯಾನ್ ಕ್ರಾನ್‌ಟ್ಯಾಬ್’ ಎಂದರೆ ಸಿಗುವುದು ಕಮಾಂಡಿನ ವಿವರ ಮಾತ್ರ. ಗಂಟೆ, ನಿಮಿಷ ಬರೆಯುವ ಕ್ರಮ ಬೇಕಿದ್ದರೆ ‘ಮ್ಯಾನ್ 5 ಕ್ರಾನ್‌ಟ್ಯಾಬ್’ ಎನ್ನಬೇಕು. ಒಂದು ಬಲೆಯ ಎಚ್ಚರಿಕೆಯೂ ಆ ಪುಟದಲ್ಲಿದೆ. ತಾರೀಕು 1 ಎಂದೂ ವಾರ ಭಾನುವಾರ ಎಂದೂ ಒಟ್ಟಿಗೆ ಬರೆದರೆ, 1ನೇ ತಾರೀಕು ಭಾನುವಾರವೇ ಬಂದಾಗ ಮಾತ್ರ ಕೆಲಸ ನಡೆಯುತ್ತದೆಂದು ಯಾರಾದರೂ ಎಣಿಸುತ್ತಾರೆ. ಆದರೆ ಅದು ಪ್ರತಿ 1ನೇ ತಾರೀಕಿಗೂ ಪ್ರತಿ ಭಾನುವಾರವೂ ನಡೆಯುತ್ತದೆ.

ಪುಟದ ಮೇಲ್ಭಾಗದ ಸಾರರೂಪದಲ್ಲಿ ಚೌಕ ಆವರಣದೊಳಗಿದ್ದದ್ದು ಬೇಕಿದ್ದರೆ ಕೊಡಬಹುದಾದದ್ದು, ಮೂರು ಚುಕ್ಕೆ ಇದ್ದರೆ ಹಲವು ಸಲ ಕೊಡಬಹುದಾದದ್ದು. ಓರೆಗೆರೆ ಒತ್ತಿ ಪದ ಬರೆದರೆ ಹುಡುಕಾಟ, ‘ಎನ್’ ಒತ್ತಿದರೆ ಆ ಪದ ಸಿಗುವ ಮುಂದಿನ ಜಾಗ, ‘ಕ್ಯೂ’ ಒತ್ತಿದರೆ ಹೊರಗೆ. ಕಮಾಂಡಿನ ಹೆಸರೇ ಗೊತ್ತಿಲ್ಲದವರಿಗೆ ‘ಅಪ್ರೊಪೋಸ್’ ಇದೆ. ಕೊಟ್ಟ ಪದ ಹೊಂದುವ ಪುಟಗಳ ಹೆಸರು, ಒಂದು ಸಾಲಿನ ವಿವರ ಅದು ತೋರಿಸುತ್ತದೆ. ಏನೂ ಸಿಗದಿದ್ದರೆ ಸೂಚಿ ತಯಾರಾಗಿಲ್ಲದಿರಬಹುದು, ‘ಮ್ಯಾನ್‌ಡಿಬಿ’ ಒಮ್ಮೆ ಓಡಿಸಿ ನೋಡಬೇಕು. ‘ಸಿಡಿ’ಯಂಥ ಶೆಲ್ಲಿನ ಒಳಗಿನ ಕಮಾಂಡುಗಳಿಗೆ ಬ್ಯಾಶ್ ಎಂಬ ಶೆಲ್ಲಿನಲ್ಲಿ ‘ಹೆಲ್ಪ್’ ಕೇಳುವುದೇ ಹತ್ತಿರದ ದಾರಿ.

ಈ ಪುಟಗಳು ಪಾಠ ಹೇಳುವುದಿಲ್ಲ. ಉದಾಹರಣೆ ಕಡಿಮೆ, ಭಾಷೆ ಬಿಗಿ. ಮೊದಲ ಓದಿಗೆ ಬೇಸರ ಬರುವುದು ಸಹಜ. ಆದರೂ ನೆಟ್‌ನಲ್ಲಿ ಸಿಕ್ಕ ಉತ್ತರಕ್ಕಿಂತ ಇವು ನಂಬಲರ್ಹ, ಏಕೆಂದರೆ ಸಾಮಾನ್ಯವಾಗಿ ಎದುರಿಗಿರುವ ಯಂತ್ರದಲ್ಲಿರುವ ಆವೃತ್ತಿಯದೇ ವಿವರ ಇಲ್ಲಿರುತ್ತದೆ. ಉದಾಹರಣೆಗೆ, ಪಠ್ಯ ತಿದ್ದುವ ‘ಸೆಡ್’ ಕಮಾಂಡಿನ ‘ಐ’ ಆಯ್ಕೆ ಲಿನಕ್ಸ್‌ನಲ್ಲಿ ಒಂದು ರೀತಿ, ಮ್ಯಾಕ್‌ನಲ್ಲಿ ಇನ್ನೊಂದು ರೀತಿ ನಡೆಯುತ್ತದೆ. ಬೇರೆಯವರ ಸಾಲನ್ನು ಹಾಗೇ ಅಂಟಿಸಿದವರಿಗೆ ಇದು ತಿಳಿಯುವುದು ಕೆಲಸ ಕೆಟ್ಟ ಮೇಲೆ. ಜಾಗ ಉಳಿಸಲು ಸಣ್ಣದಾಗಿ ಕಟ್ಟಿದ ಕಂಟೈನರುಗಳಲ್ಲಿ ಮಾತ್ರ ಕೈಪಿಡಿಯನ್ನು ತೆಗೆದುಹಾಕಿರುವುದುಂಟು, ಅಲ್ಲಿ ಬೇರೆಯಾಗಿ ಹಾಕಿಕೊಳ್ಳಬೇಕು.