ಕಾರವಾರ–ಅಂಕೋಲಾ ಕರಾವಳಿಯ ಔಟ್‌ಬೋರ್ಡ್ ಎಂಜಿನ್ ದೋಣಿಗಳು

ಔಟ್‌ಬೋರ್ಡ್ ಎಂಜಿನ್ ಎಂದರೆ ದೋಣಿಯ ಹಿಂತುದಿಗೆ ಹೊರಗಿನಿಂದ ಬಿಗಿದು ಬೇಕೆಂದಾಗ ಕಳಚಿಡಬಹುದಾದ ಯಂತ್ರ. ಎಂಜಿನ್, ನೀರಿಗಿಳಿಯುವ ದಂಡ, ಹಲ್ಲುಚಕ್ರ, ನೀರಿನಲ್ಲಿ ತಿರುಗಿ ದೋಣಿಯನ್ನು ನೂಕುವ ಫ್ಯಾನ್ ಎಲ್ಲವೂ ಇದರಲ್ಲಿ ಒಂದೇ ಘಟಕವಾಗಿರುತ್ತವೆ. ಇಡೀ ಘಟಕವನ್ನೇ ಎಡಕ್ಕೂ ಬಲಕ್ಕೂ ತಿರುಗಿಸಿ ದೋಣಿಯ ದಿಕ್ಕು ಬದಲಿಸುವುದರಿಂದ ಬೇರೆ ಚುಕ್ಕಾಣಿ ಬೇಕಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ, ಮಾಜಾಳಿಯಿಂದ ಗಂಗಾವಳಿ ಅಳಿವೆಯವರೆಗೆ, ಮೀನುಗಾರರ ನಾಡದೋಣಿಗಳನ್ನು ನಡೆಸುವುದು ಮುಖ್ಯವಾಗಿ ಈ ಯಂತ್ರವೇ. ಅಮೆರಿಕದ ಸರೋವರಗಳಲ್ಲಿ ವಿಹಾರಕ್ಕೂ ಪಂದ್ಯಕ್ಕೂ ಬೆಳೆದ ಯಂತ್ರ ಇಲ್ಲಿ ದುಡಿಮೆಯ ಸಾಧನವಾಗಿ ನೆಲೆಗೊಂಡಿತು.

ಹುಟ್ಟು ಮತ್ತು ಪಂದ್ಯಗಳು: ಅಮೆರಿಕದ ಕ್ಯಾಮರಾನ್ ವಾಟರ್‌ಮನ್ 1907ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದ. ನಾರ್ವೆಯಲ್ಲಿ ಹುಟ್ಟಿ ಮಿಲ್ವಾಕಿಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರಿಂದ ಒಂದೂವರೆ ಅಶ್ವಶಕ್ತಿಯ ಯಂತ್ರಗಳನ್ನು ಮಾರತೊಡಗಿ ಅದನ್ನು ಜನಬಳಕೆಗೆ ತಂದ. ಕಬ್ಬಿಣ ಮತ್ತು ಕಂಚಿನ ಆ ಯಂತ್ರಗಳು ಭಾರವಾಗಿದ್ದವು. 1920ರ ದಶಕದ ಆರಂಭದಲ್ಲಿ ಎವಿನ್‌ರೂಡನ ಎರಡು ಸಿಲಿಂಡರಿನ ಅಲ್ಯೂಮಿನಿಯಂ ಯಂತ್ರವೂ ಜಾನ್ಸನ್ ಸಹೋದರರ ಹಗುರ ಯಂತ್ರವೂ ಮಾರುಕಟ್ಟೆಗೆ ಬಂದವು. ತೂಕ ಇಳಿದು ಶಕ್ತಿ ಏರಿದ್ದರಿಂದ ಚಿಕ್ಕ ದೋಣಿಗಳ ವೇಗದ ಪಂದ್ಯಗಳು ಹರಡಿದವು. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಪಂದ್ಯದ ವರ್ಗಗಳೂ ಏರ್ಪಟ್ಟವು. ಕಾರ್ಲ್ ಕೀಖೇಫರ್ 1939ರಲ್ಲಿ ಆರಂಭಿಸಿದ ಕಂಪನಿಯ ಮರ್ಕ್ಯುರಿ ಎಂಜಿನ್‌ಗಳು ಎರಡನೇ ಮಹಾಯುದ್ಧದ ನಂತರ ಈ ಪಂದ್ಯಗಳಲ್ಲಿ ಮುಂದಿದ್ದವು. 1958ರಲ್ಲಿ ಹ್ಯೂಬರ್ಟ್ ಎಂಟ್ರಪ್ ಮರ್ಕ್ಯುರಿ ಎಂಜಿನ್ನಿನ ದೋಣಿಯನ್ನು ಗಂಟೆಗೆ 100 ಮೈಲಿಗೂ ಮೀರಿದ ವೇಗದಲ್ಲಿ ಓಡಿಸಿದ. ಜಪಾನಿನ ಯಮಹಾ 1960ರಲ್ಲಿ, ಸುಜುಕಿ 1965ರಲ್ಲಿ ಈ ಕ್ಷೇತ್ರಕ್ಕೆ ಬಂದವು. ಭಾರತದ ಪಶ್ಚಿಮ ಕರಾವಳಿಯ ಮೀನುಗಾರರಿಗೆ ಹೆಚ್ಚು ಪರಿಚಿತವಾದ ಹೆಸರುಗಳು ಇವೆರಡೇ. ಎವಿನ್‌ರೂಡ್ ಹೆಸರಿನ ಎಂಜಿನ್‌ಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು.

ಎಂಜಿನ್ ಬರುವ ಮುನ್ನ: ಈ ಕರಾವಳಿಯ ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ ಮೊದಲಾದ ಸಮುದಾಯಗಳು ಹಾಯಿ, ಹುಟ್ಟು ಮತ್ತು ಜಲ್ಲೆಗಳನ್ನು ನಂಬಿ ಕಡಲಿಗಿಳಿಯುತ್ತಿದ್ದವು. ಒಂದು ಪಕ್ಕಕ್ಕೆ ಸಮತೋಲನದ ಮರ ಕಟ್ಟಿದ, ಕಿರಿದಾದ ಪಾತಿ ದೋಣಿ ಒಬ್ಬಿಬ್ಬರ ಬಲೆಗಾರಿಕೆಗೆ ಒದಗುತ್ತಿತ್ತು. ದೊಡ್ಡ ಹಲಗೆ ದೋಣಿಗಳು ರಂಪಣಿ ಬಲೆಯನ್ನು ಹೊತ್ತು ಕಡಲಲ್ಲಿ ಅರ್ಧವೃತ್ತಾಕಾರವಾಗಿ ಬಿಡುತ್ತ ಬರುತ್ತಿದ್ದವು. ಬಲೆಯ ಎರಡೂ ತುದಿಗಳನ್ನು ದಡದಲ್ಲಿ ನಿಂತ ಹತ್ತಾರು ಮಂದಿ ಎಳೆಯುತ್ತಿದ್ದರು. ಬಂಗುಡೆ ಮತ್ತು ತಾರ್ಲೆಯ ಹಿಂಡು ದಡದ ಹತ್ತಿರ ಬಂದಾಗ ಮಾತ್ರ ಈ ಪದ್ಧತಿ ಫಲ ಕೊಡುತ್ತಿತ್ತು. ಹಿಂಡು ದೂರ ಸರಿದರೆ ಅದನ್ನು ಬೆನ್ನಟ್ಟುವ ಸಾಧನ ದೋಣಿಗಾರರ ಬಳಿ ಇರಲಿಲ್ಲ.

1950ರ ದಶಕದಿಂದ ದೇಶದ ಮೀನುಗಾರಿಕೆಗೆ ಯಂತ್ರ ಬಂತು. ಕೇರಳದ ನೀಂಡಕರದಲ್ಲಿ 1953ರ ಹೊತ್ತಿಗೆ ಆರಂಭವಾದ ಭಾರತ–ನಾರ್ವೆ ಯೋಜನೆ ಒಳ ಎಂಜಿನ್ನಿನ ಬೋಟುಗಳನ್ನು ಬಳಕೆಗೆ ತಂದಿತು. ಮುಂದೆ ಕರ್ನಾಟಕದಲ್ಲೂ ಬಲೆಯನ್ನು ಹಿಂದೆ ಎಳೆದೊಯ್ಯುವ ಟ್ರಾಲ್ ಬೋಟುಗಳು ಹೆಚ್ಚಿದವು. 1970ರ ದಶಕದ ನಡುವೆ ಪರ್ಸೀನ್ ಬಲೆಯ ಬೋಟುಗಳು ಬಂದು, ಹಿಂಡು ದಡ ಸೇರುವ ಮೊದಲೇ ಆಳದಲ್ಲಿ ಸುತ್ತುವರಿಯತೊಡಗಿದವು. ರಂಪಣಿ ಕೂಟಗಳ ಆದಾಯ ಕುಸಿಯಿತು. ದಡದ ಮೀನುಗಾರರಿಗೂ ಬೋಟಿನವರಿಗೂ ಘರ್ಷಣೆಗಳಾದವು. ಕಾರವಾರದ ಬೈತಖೋಲ ಬಂದರು ಇಂಥ ದೊಡ್ಡ ಬೋಟುಗಳ ನೆಲೆಯಾಯಿತು. ದೊಡ್ಡ ಬೋಟು ಕೊಳ್ಳಲಾಗದವರ ಮುಂದಿದ್ದ ದಾರಿ ಇದ್ದ ದೋಣಿಗೇ ಎಂಜಿನ್ ಕಟ್ಟುವುದು.

ನಾಡದೋಣಿಗೆ ಎಂಜಿನ್: 1980ರ ದಶಕದ ಆರಂಭದಲ್ಲಿ ಕೇರಳದ ಸಾಂಪ್ರದಾಯಿಕ ದೋಣಿಗಳಲ್ಲಿ ಔಟ್‌ಬೋರ್ಡ್ ಎಂಜಿನ್ ವೇಗವಾಗಿ ಹರಡಿತು. ಅದೇ ದಶಕದಲ್ಲಿ ಅದು ಕರ್ನಾಟಕದ ಕರಾವಳಿಯಲ್ಲೂ ನೆಲೆಯೂರಿತು. ಏಳನೇ ಪಂಚವಾರ್ಷಿಕ ಯೋಜನೆಯ (1985–90) ಕಾಲದಲ್ಲಿ ನಾಡದೋಣಿಗಳಿಗೆ ಎಂಜಿನ್ ಅಳವಡಿಸಲು ಸರ್ಕಾರದ ಸಹಾಯಧನ ದೊರೆಯಿತು. ಈ ಯಂತ್ರ ಇಲ್ಲಿಗೆ ಒಗ್ಗಲು ಮುಖ್ಯ ಕಾರಣ ತೀರದ ಸ್ವರೂಪ. ಹಾರವಾಡ, ಕೇಣಿ, ಬೆಳಂಬಾರದಂಥ ಊರುಗಳಲ್ಲಿ ದೋಣಿಯನ್ನು ಮರಳಿನ ದಡಕ್ಕೇ ಎಳೆದಿಡುವ ರೂಢಿ. ದೋಣಿಯ ಅಡಿಯಲ್ಲಿ ಸ್ಥಿರವಾಗಿ ಚಾಚಿದ ಫ್ಯಾನ್ ಇದ್ದರೆ ಅದು ಆಗದ ಮಾತು. ಔಟ್‌ಬೋರ್ಡ್ ಎಂಜಿನ್ನನ್ನಾದರೆ ದಡ ಹತ್ತಿರವಾದಾಗ ಮೇಲಕ್ಕೆ ಮಗುಚಬಹುದು, ಕಳಚಿ ಹೆಗಲ ಮೇಲೆ ಹೊತ್ತು ಮನೆಗೂ ಒಯ್ಯಬಹುದು. ಕಾಳಿ ಮತ್ತು ಗಂಗಾವಳಿ ನದಿಗಳ ಅಳಿವೆಗಳಲ್ಲಿ ಮರಳದಿಬ್ಬ ಜಾಗ ಬದಲಿಸುತ್ತಿರುವುದರಿಂದ ಅಲ್ಲಿಯೂ ಈ ಸೌಕರ್ಯ ಉಪಯೋಗಕ್ಕೆ ಬರುತ್ತದೆ.

ಎಂಜಿನ್ ಬಂದಂತೆ ದೋಣಿಯೂ ಬದಲಾಯಿತು. ಮರದ ದೋಣಿಗಳ ಜಾಗಕ್ಕೆ ಹಿಂಭಾಗ ಚಪ್ಪಟೆಯಾದ ಫೈಬರ್ ದೋಣಿಗಳು ಬಂದವು. ಇಸ್ವಾಣ, ಬಂಗುಡೆಗೆ ಬಲೆ ಬಿಡುವವರು ದಡ ಕಾಣದಷ್ಟು ದೂರ ಹೋಗಿ ಅಂದೇ ಮರಳುವುದು ಸಾಧ್ಯವಾಯಿತು. ಕಾರವಾರದ ದಕ್ಷಿಣಕ್ಕೆ ಸೀಬರ್ಡ್ ಯೋಜನೆಯ ನೌಕಾನೆಲೆ ಬಂದದ್ದು ಮತ್ತೊಂದು ತಿರುವು. 1986ರಲ್ಲಿ ಶಂಕುಸ್ಥಾಪನೆಯಾದ ಈ ಯೋಜನೆಯಡಿ ಎರಡೂ ತಾಲ್ಲೂಕುಗಳ ಹಲವು ಊರುಗಳು ಸ್ಥಳಾಂತರಗೊಂಡವು. ಐಎನ್‌ಎಸ್ ಕದಂಬ ನೆಲೆ 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ನೆಲೆಯ ನಿರ್ಬಂಧಿತ ಜಲಪ್ರದೇಶವನ್ನು ಸುತ್ತುಬಳಸಿ ಹೋಗಬೇಕಾದ ದೋಣಿಗಳಿಗೆ ಎಂಜಿನ್ ಇನ್ನಷ್ಟು ಅನಿವಾರ್ಯವಾಯಿತು.

ಸೀಮೆಎಣ್ಣೆಯ ಬಳಕೆ: ಪಂದ್ಯದ ಎಂಜಿನ್‌ಗಳು ಪೆಟ್ರೋಲ್ ಅಥವಾ ಮೆಥನಾಲ್ ಮೇಲೆ ಓಡುತ್ತವೆ. ನಾಡದೋಣಿಯವರು ಆರಿಸಿಕೊಂಡದ್ದು ಸಹಾಯಧನದಿಂದ ಅಗ್ಗವಾಗಿದ್ದ ಸೀಮೆಎಣ್ಣೆಯನ್ನು. ಸೀಮೆಎಣ್ಣೆ ಸುಲಭವಾಗಿ ಆವಿಯಾಗದು, ಒತ್ತಡ ಹೆಚ್ಚಿದರೆ ಸಿಲಿಂಡರಿನಲ್ಲಿ ಅಕಾಲದಲ್ಲೇ ಸ್ಫೋಟಿಸುತ್ತದೆ. ಆದ್ದರಿಂದ ಈ ಎರಡು ಹೊಡೆತದ ಎಂಜಿನ್‌ಗಳಲ್ಲಿ ಸಂಕೋಚನದ ಪ್ರಮಾಣವನ್ನು ತಗ್ಗಿಸಿರುತ್ತಾರೆ. ಎಂಜಿನ್ನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುವುದು ಕ್ರಮ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿನಲ್ಲಿ ಸ್ವಲ್ಪ ಹೊತ್ತು ಓಡಿಸದಿದ್ದರೆ ಮುಂದಿನ ಬಾರಿ ಹಗ್ಗ ಎಷ್ಟು ಎಳೆದರೂ ಚಾಲೂ ಆಗುವುದು ಕಷ್ಟ. ಇಂಧನಕ್ಕೆ ಬೆರೆಸುವ ಆಯಿಲ್, ಮಸಿ ಕಟ್ಟುವ ಸ್ಪಾರ್ಕ್ ಪ್ಲಗ್, ದಟ್ಟ ಹೊಗೆ ಈ ಯಂತ್ರದ ಜೊತೆಗೇ ಬರುವ ಸಂಗತಿಗಳು.

ಕರ್ನಾಟಕದಲ್ಲಿ ಮೀನುಗಾರಿಕೆ ಇಲಾಖೆ ನಾಡದೋಣಿಗಳಿಗೆ ಪರವಾನಗಿಯ ಮೇಲೆ ಸೀಮೆಎಣ್ಣೆ ಒದಗಿಸುವ ವ್ಯವಸ್ಥೆ ಬೆಳೆಯಿತು. ಹಂಚಿಕೆ ತಡವಾದಾಗ ದೋಣಿಗಳು ದಡದಲ್ಲೇ ಉಳಿಯುವಂತಾಗಿ, ಸೀಮೆಎಣ್ಣೆ ಕರಾವಳಿಯ ರಾಜಕೀಯದ ಕಾಯಂ ವಿಷಯವಾಯಿತು. ಸೀಮೆಎಣ್ಣೆ ಎಂಜಿನ್‌ಗಳನ್ನು ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗಳಿಗೆ ಬದಲಾಗಲು ತಲಾ 50 ಸಾವಿರ ರೂಪಾಯಿ ಸಹಾಯಧನವನ್ನು ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಪ್ರಕಟಿಸಿತು.

ಫ್ಯಾನ್: ಎಂಜಿನ್ನಿನ ಶಕ್ತಿ ನೂಕುಬಲವಾಗುವುದು ಫ್ಯಾನಿನ ಎಲೆಗಳಲ್ಲಿ. ಅದನ್ನು ವ್ಯಾಸ ಮತ್ತು ಪಿಚ್ ಎಂಬ ಎರಡು ಅಳತೆಗಳಿಂದ ಗುರುತಿಸುತ್ತಾರೆ. ಜಾರದೆ ಒಂದು ಸುತ್ತು ತಿರುಗಿದರೆ ಫ್ಯಾನ್ ಮುಂದೊತ್ತುವ ದೂರವೇ ಪಿಚ್. ನಿಮಿಷಕ್ಕೆ 5,000 ಸುತ್ತುವ ಎಂಜಿನ್ನಿನ ವೇಗವನ್ನು ಹಲ್ಲುಚಕ್ರಗಳು ಅರ್ಧಕ್ಕಿಳಿಸಿದರೆ ಫ್ಯಾನ್ 2,500 ಸುತ್ತುತ್ತದೆ. ಪಿಚ್ 9 ಅಂಗುಲವಿದ್ದರೆ ಲೆಕ್ಕದ ವೇಗ ಗಂಟೆಗೆ ಸುಮಾರು 34 ಕಿ.ಮೀ. ನೀರಿನಲ್ಲಿ ಫ್ಯಾನ್ ಜಾರುವುದರಿಂದ ಬಲೆ, ಮೀನು, ಮಂಜುಗಡ್ಡೆ ತುಂಬಿದ ದೋಣಿಗೆ ಅದರ ಹತ್ತಿರವೂ ಸುಳಿಯಲಾಗದು. ಹಗುರವಾದ ಪಂದ್ಯದ ದೋಣಿಗೆ ಹೆಚ್ಚು ಪಿಚ್ಚಿನ, ಅರ್ಧ ನೀರಿನ ಮೇಲೇ ತಿರುಗುವ ಫ್ಯಾನ್ ಸಲ್ಲುತ್ತದೆ. ಹೊರೆ ಹೊತ್ತ ನಾಡದೋಣಿಗೆ ಅಗಲವಾದ ಎಲೆಗಳ, ಕಡಿಮೆ ಪಿಚ್ಚಿನ ಫ್ಯಾನ್ ಬೇಕು. ಪಿಚ್ ಅತಿಯಾದರೆ ಎಂಜಿನ್ ಉಸಿರುಗಟ್ಟಿ ಇಂಧನ ವ್ಯರ್ಥವಾಗುತ್ತದೆ.

ಇಲ್ಲಿಯ ನೀರಿನಲ್ಲಿ ಫ್ಯಾನಿಗೆ ಬಲೆಯ ನೂಲು ಸುತ್ತುವುದು, ಬಂಡೆ ತಗುಲಿ ಎಲೆ ಮುರಿಯುವುದು ಸಾಮಾನ್ಯ. ಸಣ್ಣ ಎಂಜಿನ್‌ಗಳಲ್ಲಿ ಅಂಥ ಹೊಡೆತಕ್ಕೆ ಮೊದಲು ತುಂಡಾಗುವ ಪಿನ್ ಒಂದಿದ್ದು ಹಲ್ಲುಚಕ್ರವನ್ನು ಉಳಿಸುತ್ತದೆ. ಅಳಿವೆಯ ಮರಳುನೀರು ತಂಪುಗೊಳಿಸುವ ಪಂಪಿನ ರಬ್ಬರ್ ಚಕ್ರವನ್ನು ಸವೆಸುತ್ತದೆ, ಉಪ್ಪು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತದೆ. ಸಿಹಿನೀರಿನಲ್ಲಿ ಎಂಜಿನ್ ಓಡಿಸಿ ತೊಳೆಯುವುದೂ ಸತುವಿನ ತುಂಡನ್ನು ಕಾಲಕಾಲಕ್ಕೆ ಬದಲಿಸುವುದೂ ಇದಕ್ಕೆ ಪರಿಹಾರ.

ಕಾನೂನು ಮತ್ತು ಮಳೆಗಾಲ: ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಅಧಿನಿಯಮ 1986ರಲ್ಲಿ ಬಂತು. ಇದರಡಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯ ಮಿತಿಯೊಳಗಿನ ಎಂಜಿನ್ನಿನ ಸಾಂಪ್ರದಾಯಿಕ ದೋಣಿಗಳಿಗೆ ಮಾತ್ರ ವಿನಾಯಿತಿಯಿದೆ. 8 ಮತ್ತು 9.9 ಅಶ್ವಶಕ್ತಿಯ ಎಂಜಿನ್‌ಗಳು ಈ ಮಿತಿಯೊಳಗೆ ಬರುತ್ತವೆ. ಟ್ರಾಲ್ ಮತ್ತು ಪರ್ಸೀನ್ ಬೋಟುಗಳು ಬಂದರಿನಲ್ಲಿ ನಿಂತಿರುವ ಈ ಎರಡು ತಿಂಗಳು ಸಿಗಡಿ, ಬಂಗುಡೆಗೆ ಒಳ್ಳೆಯ ಬೆಲೆ ಸಿಗುತ್ತದೆ. ಆದರೆ ಅಳಿವೆ ದಾಟುವಾಗ ದೋಣಿ ಮಗುಚುವ ಅಪಾಯ ಹೆಚ್ಚಿರುವುದೂ ಇದೇ ಅವಧಿಯಲ್ಲಿ.

ಕ್ರೀಡೆ: ಭಾರತದಲ್ಲಿ ಪವರ್‌ಬೋಟ್ ಪಂದ್ಯಗಳು ವಿರಳ. ಫಾರ್ಮುಲಾ–1 ಪವರ್‌ಬೋಟ್ ವಿಶ್ವ ಚಾಂಪಿಯನ್‌ಷಿಪ್ಪಿನ ಸುತ್ತುಗಳು 2004ರಲ್ಲಿ ಮುಂಬೈಯಲ್ಲೂ 2018ರ ನವೆಂಬರಿನಲ್ಲಿ ಆಂಧ್ರದ ಅಮರಾವತಿ ಬಳಿ ಕೃಷ್ಣಾ ನದಿಯಲ್ಲೂ ನಡೆದವು. 2017ರ ಮಾರ್ಚಿನಲ್ಲಿ ಮುಂಬೈ ಪಿ–1 ಪವರ್‌ಬೋಟ್ ಪಂದ್ಯಗಳಿಗೆ ನೆಲೆಯಾಯಿತು. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ವೇಗದ ದೋಣಿಗಳು ಪ್ರವಾಸಿಗರ ಜಲವಿಹಾರಕ್ಕೆ ಬಳಕೆಯಾಗುತ್ತವೆ. ಉಳಿದಂತೆ ಈ ಎರಡು ತಾಲ್ಲೂಕುಗಳಲ್ಲಿ ಔಟ್‌ಬೋರ್ಡ್ ಎಂಜಿನ್ನಿನ ಇತಿಹಾಸವೆಂದರೆ ನಾಡದೋಣಿ ಮೀನುಗಾರಿಕೆಯ ಇತಿಹಾಸವೇ.