ಹಿಡಿದು ಬಿಡುವ ರಂಧ್ರಗಳು: ಮೀಥೇನ್ ಶುದ್ಧೀಕರಣದ ಚರಿತ್ರೆ

ನೆಲದಾಳದ ನೈಸರ್ಗಿಕ ಅನಿಲದಲ್ಲೂ, ಸಗಣಿ ಮತ್ತು ಹಸಿಕಸ ಕೊಳೆತು ಹುಟ್ಟುವ ಜೈವಿಕ ಅನಿಲದಲ್ಲೂ ಉರಿಯುವ ಮೀಥೇನಿನ ಜೊತೆ ಉರಿಯದ ಇಂಗಾಲದ ಡೈಆಕ್ಸೈಡ್ ಬೆರೆತಿರುತ್ತದೆ. ಜೈವಿಕ ಅನಿಲದಲ್ಲಿ ಅದರ ಪಾಲು ಸಾಮಾನ್ಯವಾಗಿ ಶೇ 30ರಿಂದ 45. ಅದು ಇಂಧನದ ಕಾವನ್ನು ತಗ್ಗಿಸುತ್ತದೆ; ತೇವ ಸೇರಿದರೆ ಆಮ್ಲವಾಗಿ ಉಕ್ಕಿನ ಕೊಳವೆಯನ್ನು ತಿನ್ನುತ್ತದೆ. ಇದನ್ನು ತೆಗೆಯಲು ಅನಿಲವನ್ನು ಅಮೈನ್ ದ್ರಾವಣದಿಂದ ತೊಳೆಯುವ ವಿಧಾನಕ್ಕೆ 1930ರಲ್ಲಿ ಅಮೆರಿಕದ ಆರ್. ಆರ್. ಬಾಟಮ್ಸ್ ಪೇಟೆಂಟ್ ಪಡೆದರು. ದೊಡ್ಡ ಘಟಕಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಹಿಡಿದ ಅನಿಲವನ್ನು ಬಿಡಿಸಲು ದ್ರಾವಣವನ್ನು ಕಾಯಿಸಬೇಕು. ಶಾಖಕ್ಕೆ ಆಗುವ ಖರ್ಚು ಹೆಚ್ಚು.

ರಂಧ್ರಮಯ ಘನವಸ್ತುಗಳ ಕಥೆ ಇನ್ನೂ ಹಳೆಯದು. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಕ್ರಾನ್‌ಸ್ಟೆಟ್ ಒಂದು ಕಲ್ಲನ್ನು ಜ್ವಾಲೆಗೆ ಹಿಡಿದಾಗ ಅದು ಕುದಿಯುವಂತೆ ನೊರೆಯೆದ್ದು ನೀರಾವಿ ಬಿಟ್ಟಿತು. ಅದೇ ಜಿಯೊಲೈಟ್. 1770ರ ದಶಕದಲ್ಲಿ ವಿಜ್ಞಾನಿಗಳಾದ ಶೀಲೆ ಮತ್ತು ಫೊಂಟಾನಾ ಇದ್ದಿಲು ಅನಿಲಗಳನ್ನು ಹೀರುವುದನ್ನು ಗುರುತಿಸಿದರು. ಅಣುಗಳು ಒಳಮೈಗೆ ಅಂಟಿಕೊಳ್ಳುವ ಈ ಕ್ರಿಯೆಯೇ ಅಧಿಶೋಷಣೆ.

ನಿಸರ್ಗದ ಜಿಯೊಲೈಟ್ ಎಲ್ಲೆಡೆ ಒಂದೇ ಬಗೆಯಲ್ಲಿ ಸಿಗುವುದಿಲ್ಲ. ಬ್ರಿಟನ್ನಿನ ರಿಚರ್ಡ್ ಬ್ಯಾರರ್ 1940ರ ದಶಕದಲ್ಲಿ ಕೃತಕ ಜಿಯೊಲೈಟ್‌ಗೆ ದಾರಿ ತೆರೆದರು. ಅಮೆರಿಕದ ಯೂನಿಯನ್ ಕಾರ್ಬೈಡ್‌ನಲ್ಲಿ ರಾಬರ್ಟ್ ಮಿಲ್ಟನ್ ತಂಡ ತಯಾರಿಸಿದ ಎ ಮತ್ತು ಎಕ್ಸ್ ಮಾದರಿಗಳು 1954ರಲ್ಲಿ ಮಾರುಕಟ್ಟೆಗೆ ಬಂದವು. ಇಂಗಾಲದ ಡೈಆಕ್ಸೈಡ್ ಅಣುವಿನ ಅಡ್ಡಳತೆ ಸುಮಾರು 0.33 ನ್ಯಾನೋಮೀಟರ್, ಮೀಥೇನಿನದು 0.38. ಎ ಮಾದರಿಯ 4ಎ ಜಿಯೊಲೈಟ್‌ನ ಕಿಂಡಿಯೂ ಸುಮಾರು 0.38 ಇರುವುದರಿಂದ ಮೀಥೇನ್ ತೂರುವುದು ಕಷ್ಟ. ಎಕ್ಸ್ ಮಾದರಿಯ 13ಎಕ್ಸ್‌ನ ಕಿಂಡಿ ದೊಡ್ಡದು, ಎರಡೂ ಒಳಹೊಗುತ್ತವೆ. ಆದರೆ ಅದರೊಳಗಿನ ಸೋಡಿಯಂ ಅಯಾನುಗಳು ವಿದ್ಯುದಾವೇಶ ಸಮನಾಗಿ ಹಂಚಿರದ ಇಂಗಾಲದ ಡೈಆಕ್ಸೈಡನ್ನೇ ಬಲವಾಗಿ ಸೆಳೆಯುತ್ತವೆ. ನೀರನ್ನು ಅದಕ್ಕಿಂತ ಬಲವಾಗಿ ಸೆಳೆಯುವುದರಿಂದ ಅನಿಲವನ್ನು ಮೊದಲೇ ಒಣಗಿಸಬೇಕು.

ಹಿಡಿದದ್ದನ್ನು ಬಿಡಿಸುವ ಸಮಸ್ಯೆಗೆ ಎಸ್ಸೊ ಸಂಸ್ಥೆಯ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ ಉತ್ತರ ಕಂಡುಕೊಂಡರು. ಗಾಳಿಯನ್ನು ಒಣಗಿಸಲು ಅವರು ರೂಪಿಸಿದ ವಿಧಾನಕ್ಕೆ 1960ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ತತ್ವ ಮುಂದೆ ಮೀಥೇನಿಗೂ ಬಂತು. ಒಂದು ಗೋಪುರದಲ್ಲಿ ಒತ್ತಡ ಏರಿದಾಗ ಅಧಿಶೋಷಕ ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ, ಶುದ್ಧ ಮೀಥೇನ್ ಮೇಲಿನಿಂದ ಹೊರಬರುತ್ತದೆ. ಅಷ್ಟರಲ್ಲಿ ಪಕ್ಕದ ಗೋಪುರದ ಒತ್ತಡ ಇಳಿಸಿ, ಶುದ್ಧ ಅನಿಲವನ್ನು ಸ್ವಲ್ಪ ಹಾಯಿಸಿ, ಹಿಡಿದದ್ದನ್ನು ಹೊರದೂಡಲಾಗುತ್ತದೆ. ಕವಾಟಗಳು ತಿರುಗಿದಂತೆ ಗೋಪುರಗಳ ಕೆಲಸ ಅದಲುಬದಲಾಗುತ್ತದೆ. ಕುಲುಮೆ ಬೇಕಿಲ್ಲ, ಒತ್ತಡ ಏರಿಸುವ ಕಂಪ್ರೆಸರಿಗೆ ವಿದ್ಯುತ್ ಸಾಕು.

1970ರ ದಶಕದಲ್ಲಿ ಜರ್ಮನಿಯ ಎಸೆನ್ ನಗರದ ಬರ್ಗ್‌ಬೌ ಫೋರ್ಶುಂಗ್ ಸಂಸ್ಥೆ ಕಲ್ಲಿದ್ದಲಿನಿಂದ ಇಂಗಾಲದ ಅಣುಜರಡಿಯನ್ನು ಬೆಳೆಸಿತು. ಇದರ ಕಿರಿದಾದ ರಂಧ್ರಗಳಿಗೆ ಇಂಗಾಲದ ಡೈಆಕ್ಸೈಡ್ ಬೇಗ ನುಗ್ಗುತ್ತದೆ, ಮೀಥೇನ್ ನಿಧಾನಿಸುತ್ತದೆ. ಈ ವೇಗದ ಅಂತರವೇ ಬೇರ್ಪಡಿಕೆಗೆ ಸಾಕು. ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಹೆಣೆದ ಚೌಕಟ್ಟುಗಳು ಆಮೇಲಿನವು. ಅವುಗಳಿಗಾಗಿ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ 2025ರ ರಸಾಯನವಿಜ್ಞಾನ ನೊಬೆಲ್ ಹಂಚಿಕೊಂಡರು.

ಭಾರತದಲ್ಲಿ 2018ರಲ್ಲಿ ಆರಂಭವಾದ ‘ಸತತ್’ ಯೋಜನೆಯಿಂದ ಸಂಕುಚಿತ ಜೈವಿಕ ಅನಿಲದ ತಯಾರಿಕೆಗೆ ಉತ್ತೇಜನ ಸಿಕ್ಕಿದೆ. ಅದರಲ್ಲಿ ಕನಿಷ್ಠ ಶೇ 90 ಮೀಥೇನ್ ಇರಬೇಕೆಂಬುದು ಮಾನದಂಡ. ಹೊಸ ವಸ್ತು ಎಷ್ಟು ಹಿಡಿಯುತ್ತದೆ ಎಂಬುದಷ್ಟೇ ಈ ಉದ್ಯಮಕ್ಕೆ ಮುಖ್ಯವಲ್ಲ. ಕಡಿಮೆ ಖರ್ಚಿನಲ್ಲಿ ಬಿಟ್ಟುಕೊಟ್ಟು, ತೇವಕ್ಕೆ ಕೆಡದೆ, ವರ್ಷಗಟ್ಟಲೆ ಬಾಳುವ ವಸ್ತುವೇ ಇಲ್ಲಿ ಗೆಲ್ಲುತ್ತದೆ.