ಕಡಿತ ಸಿಗದ ಪಿಂಚಣಿ ವಂತಿಗೆ

ನಿವೃತ್ತಿ ಖಾತೆಗೆ ಕಟ್ಟಿದರೂ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಲು ಬಾರದ ಹಣ. 2006ರ ಏಪ್ರಿಲ್ 1ರಿಂದೀಚೆಗೆ ಕರ್ನಾಟಕ ರಾಜ್ಯ ಸೇವೆಗೆ ಸೇರಿದ ಬಹುಪಾಲು ನೌಕರರ, ಸರ್ಕಾರಿ ಶಿಕ್ಷಕರದೂ ಸೇರಿ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10 ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಜಮೆಯಾಗುತ್ತದೆ. 2024-25ನೇ ಕರನಿರ್ಧಾರಣಾ ವರ್ಷದಿಂದ ತಾನಾಗಿ ಅನ್ವಯಿಸುವ ಹೊಸ ತೆರಿಗೆ ಪದ್ಧತಿಯಲ್ಲಿ ಈ ಪಾಲಿಗೂ, 50,000 ರೂ.ವರೆಗಿನ ಹೆಚ್ಚುವರಿ ಹೂಡಿಕೆಗೂ ಕಡಿತವಿಲ್ಲ. ಸರ್ಕಾರ ಎನ್‌ಪಿಎಸ್‌ಗೆ ಕಟ್ಟುವ ಪಾಲಿಗೆ ಮಾತ್ರ ಕಡಿತ ಉಂಟು. ತೆರಿಗೆ ತಂತ್ರಾಂಶದಲ್ಲಿ ಸರ್ಕಾರದ ಪಾಲನ್ನು ಮೊದಲು ಒಟ್ಟು ಸಂಬಳಕ್ಕೆ ಕೂಡಿಸಿ, ಬಳಿಕ ಕಳೆಯಬೇಕು. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ: ಕೈಗೆ ಬಂದ ಸಂಬಳವನ್ನೇ ಒಟ್ಟು ಸಂಬಳವೆಂದು ತುಂಬಿದರೆ ನೌಕರನ ಪಾಲೂ ತಪ್ಪಾಗಿ ಕಳೆದುಹೋಗಿ, ಆದಾಯ ಕಡಿಮೆ ತೋರಿಸಿದಂತಾಗುತ್ತದೆ. ಅಮೆರಿಕದಲ್ಲಿ ವೈಯಕ್ತಿಕ ನಿವೃತ್ತಿ ಖಾತೆಗೆ (ಐಆರ್‌ಎ) ಕಟ್ಟಿದ, ಕಡಿತ ಸಿಗದ ಇಂಥ ವಂತಿಗೆಯನ್ನು 8606ನೇ ನಮೂನೆಯಲ್ಲಿ ದಾಖಲಿಸಿದರೆ, ಹಿಂಪಡೆಯುವಾಗ ಅದೇ ಹಣಕ್ಕೆ ಮತ್ತೆ ತೆರಿಗೆ ಬೀಳುವುದಿಲ್ಲ.